ಬಾಡು ಬಿಟ್ಟರೂ ಬೀನ್ಸ್ ಬೇಡ

ಆ ಎರಡು ಕೊಳ್ಳಿ ಒಳಕ್ಕೆ ತಳ್ಳಿ, ಹೇಳುತ್ತೇನೆ.

ಟೆಕ್ಸಾಸ್‌ನಲ್ಲಿ ಹಿಮ ಬಿತ್ತು ಎಂದರೆ ನಮ್ಮ ನಾಗಮಂಗಲದ ಕಡೆಯವರು ಈಗಲೂ ನಂಬುವುದಿಲ್ಲ. ನಾವಿರುವ ಸ್ಯಾನ್ ಆಂಟೋನಿಯೊ ಬಿಸಿಲಿನ ಊರು. ಅಲ್ಲಿ ಮನೆ ಕಟ್ಟುವವರು ಸೆಕೆಗೆ ಹೆದರಿ ಕಟ್ಟುತ್ತಾರೆ, ಚಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2021ರ ಫೆಬ್ರವರಿ 15, ಸೋಮವಾರ ಬೆಳಗಿನ ಜಾವ ಕರೆಂಟ್ ಹೋಯಿತು. ನಮ್ಮ ಬೀದಿಗಷ್ಟೇ ಅಲ್ಲ, ರಾಜ್ಯದ ಉದ್ದಗಲಕ್ಕೂ ಸುಮಾರು 45 ಲಕ್ಷ ಮನೆಗಳಿಗೆ. ಹೊರಗೆ ಮೈನಸ್ 10 ಡಿಗ್ರಿಗಿಂತಲೂ ಕೆಳಗೆ. ನಮ್ಮ ಮನೆಯ ಒಲೆ ಕರೆಂಟಿನದು, ಹೀಟರ್ ಕರೆಂಟಿನದು. ಗೋಡೆಯೊಳಗಿನ ಪೈಪುಗಳು ಹೆಪ್ಪುಗಟ್ಟಿ, ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಕೋವಿಡ್ ಬೇರೆ ಇನ್ನೂ ಮುಗಿದಿರಲಿಲ್ಲ, ಯಾರ ಮನೆಯೊಳಗೂ ಯಾರೂ ಹೋಗುವ ಹಾಗಿಲ್ಲ. ನಾನು, ಹೆಂಡತಿ, ಮಗಳು ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು ಕೂತಿದ್ದೆವು. ಅವಲಕ್ಕಿ ಇತ್ತು, ಚಟ್ನಿಪುಡಿ ಇತ್ತು, ಬದುಕಿದೆವು.

ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ತಾತ ಬೇಲಿಯ ಆಚೆಯಿಂದ ಕೂಗಿದರು. "ಮಿಹೋ, ಮಗನೇ, ಹೊರಗೆ ಬಾ. ಬೆಂಕಿ ಹಾಕ್ತಿದ್ದೀನಿ."

ಈ ತಾತನ ಬಗ್ಗೆ ಮೊದಲು ಹೇಳಬೇಕು. ಹೆಸರು ಬೇಡ, ನಮ್ಮ ಮನೆಯಲ್ಲಿ ಅವರು ತಾತ, ಅವರ ಹೆಂಡತಿ ಅಜ್ಜಿ, ಅಷ್ಟೇ. ಸ್ಯಾನ್ ಆಂಟೋನಿಯೊದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು. ಕೆಲ್ಲಿ ವಾಯುನೆಲೆಯಲ್ಲಿ ವಿಮಾನದ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡಿದವರು. 2001ರಲ್ಲಿ ಆ ನೆಲೆ ಮುಚ್ಚಿದ ಮೇಲೆ ಮನೆಯ ಹಿತ್ತಲೇ ಅವರ ವರ್ಕ್‌ಶಾಪು. ಅಲ್ಲಿ ಹಳೆಯ ಕಬ್ಬಿಣದ ಡ್ರಮ್ಮನ್ನು ಅಡ್ಡಡ್ಡ ಸೀಳಿ ತಾವೇ ಮಾಡಿಕೊಂಡ ಒಲೆ. ಪ್ರತಿ ಭಾನುವಾರ ಅದರ ಮೇಲೆ ಮಾಂಸ. ದನದ ಎದೆಭಾಗದ ಬ್ರಿಸ್ಕೆಟ್, ಹಂದಿಯ ಪಕ್ಕೆಲುಬು, ಚಳಿಗಾಲದಲ್ಲಿ ಜಿಂಕೆ. ನಾನು ಬಾಡೂಟದ ಮನೆಯವನಾದರೂ ನಮ್ಮದು ಕುರಿ, ಕೋಳಿ ಅಷ್ಟೇ, ದನ ತಿನ್ನುವುದಿಲ್ಲ. ಹಾಗಾಗಿ ಬೇಲಿಯ ಈಚೆ ನಿಂತು ಹೊಗೆ ಕುಡಿಯುವುದಷ್ಟೇ ನನ್ನ ಪಾಲು. ತಾತನಿಗೆ ಅದೊಂದು ಕೊರಗು. "ಇಷ್ಟು ವರ್ಷ ಪಕ್ಕದಲ್ಲಿದ್ದೀಯ, ನನ್ನ ಚಿಲಿ ಒಂದು ಚಮಚ ತಿಂದಿಲ್ಲ" ಅನ್ನುತ್ತಿದ್ದರು.

ಅಂಥವರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿದರು. ಡಾಕ್ಟರು ಕಡಿಮೆ ಮಾಡಿ ಅಂದರು. ಅವರ ಮಗಳು ಪೂರ್ತಿ ಬಿಡಿ ಅಂದಳು. ಹಾಲು, ಚೀಸ್, ಮೊಟ್ಟೆ ಯಾವುದೂ ಬೇಡ, ವೀಗನ್ ಆಗಿ ಅಂತ ಹಟ ಹಿಡಿದಳು. ಮೊಮ್ಮಗನ ಮೇಲೆ ಆಣೆ ಹಾಕಿಸಿಕೊಂಡಳು ಅಂತ ಕಾಣುತ್ತದೆ. ತಾತ ಒಪ್ಪಿದರು, ಒಪ್ಪಿ ಊರ ಮೇಲೆಲ್ಲ ಸಿಟ್ಟಾದರು.

ಹೋಟೆಲಿಗೆ ಹೋದರೆ ತಿನ್ನಲು ಏನೂ ಇಲ್ಲ ಎನ್ನುವುದು ಮೊದಲ ಸಿಟ್ಟು. ಟೆಕ್ಸ್-ಮೆಕ್ಸ್ ಎನ್ನುವ ಟೆಕ್ಸಾಸ್-ಮೆಕ್ಸಿಕನ್ ಊಟದಲ್ಲಿ ಮಾಂಸ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಕಾಣದ ಹಾಗೆ ಇರುತ್ತದೆ. ಬೇಯಿಸಿ ಮಸೆದು ಹುರಿದ ಪಿಂಟೊ ಕಾಳಿನಲ್ಲಿ ಹಂದಿಯ ಕೊಬ್ಬು, ಮೈದಾ ಟೋರ್ಟಿಯಾದ ಹಿಟ್ಟಿನಲ್ಲಿ ಅದೇ ಕೊಬ್ಬು, ಕೆಂಪನ್ನ ಬೆಂದದ್ದು ಕೋಳಿಯ ರಸದಲ್ಲಿ. ಅಲ್ಲಿಗೆ ಹೊಸದಾಗಿ ಬಂದ ನಮ್ಮ ಸಸ್ಯಾಹಾರಿ ಹುಡುಗರು ಕಾಳು-ಅನ್ನ ಅಂತ ಸಂತೋಷವಾಗಿ ತಿಂದು, ವರ್ಷ ಕಳೆದ ಮೇಲೆ ಗೊತ್ತಾಗಿ ಹೌಹಾರುತ್ತಾರೆ. ತಾತನಿಗೆ ಉಳಿದದ್ದು ಬೆಣ್ಣೆಹಣ್ಣಿನ ಗ್ವಾಕಮೋಲೆ ಮತ್ತು ಮೆಕ್ಕೆಜೋಳದ ಚಿಪ್ಸು. "ದನ ತಿನ್ನುವ ಬದಲು ದನದ ಮೇವು ತಿಂತಿದ್ದೀನಿ" ಎನ್ನುತ್ತಿದ್ದರು.

ಹಾಗಾಗಿ ಅವರೇ ಒಲೆಯ ಮುಂದೆ ನಿಂತರು. ಡಬ್ಬಿಯಲ್ಲಿ ಬರುವ ಎಳೆ ಹಲಸಿನಕಾಯಿ ತಂದು ಬ್ರಿಸ್ಕೆಟ್ ಮಾಡಲು ಹೋದರು. ನನ್ನನ್ನು ಕೇಳಿದ್ದರೆ ಹಲಸಿನಕಾಯಿಯನ್ನು ಪಲ್ಯ ಮಾಡಿ ಅನ್ನುತ್ತಿದ್ದೆ. ಅದು ಎಳೆಎಳೆಯಾಗಿ ಬಿಡುತ್ತದೆ, ನೋಡಲು ಮಾಂಸವೇ, ಆದರೆ ಹಲ್ಲಿಗೆ ಸಿಕ್ಕಾಗ ಒಳಗೆ ಏನೂ ಇರುವುದಿಲ್ಲ. ಸುಟ್ಟು ಟಾಕೋದಲ್ಲಿಟ್ಟು ಈರುಳ್ಳಿ, ಕೊತ್ತಂಬರಿ ಹಾಕಿದರೆ ನಡೆಯುತ್ತದೆ. ತಾತ ಅದನ್ನು ಅಲ್ಲಿಗೇ ಬಿಟ್ಟರು. ಅವರ ಮನಸ್ಸೆಲ್ಲ ಇದ್ದದ್ದು ಚಿಲಿಯ ಮೇಲೆ.

ಚಿಲಿ ಎಂದರೆ ಅಲ್ಲಿಯವರಿಗೆ ಏನು ಎನ್ನುವುದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಒಣಮೆಣಸಿನಕಾಯಿಯ ಕೆಂಪು ಮಸಾಲೆಯಲ್ಲಿ ದಪ್ಪಗೆ ಕೊಚ್ಚಿದ ದನದ ಮಾಂಸ, ಬೆಳ್ಳುಳ್ಳಿ, ಜೀರಿಗೆ, ಒರೆಗಾನೊ, ನಿಧಾನದ ಉರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊದ ಮಿಲಿಟರಿ ಪ್ಲಾಜಾದಲ್ಲಿ ಸಂಜೆಯಾದರೆ ಮೆಕ್ಸಿಕನ್ ಹೆಂಗಸರು ಲಾಂದ್ರ ಹಚ್ಚಿ, ಪಾತ್ರೆ ಇಟ್ಟು ಇದನ್ನು ಮಾರುತ್ತಿದ್ದರು. ಊರು ಅವರಿಗೆ ಚಿಲಿ ರಾಣಿಯರು ಅಂತ ಹೆಸರಿಟ್ಟಿತು, ಆಮೇಲೆ ಕೊಳಕಿನ ನೆಪ ಹೇಳಿ 1930ರ ದಶಕದ ಕೊನೆಯ ಹೊತ್ತಿಗೆ ಎಬ್ಬಿಸಿಯೂ ಬಿಟ್ಟಿತು. ತಮ್ಮ ಮುತ್ತಜ್ಜಿ ಅವರಲ್ಲೊಬ್ಬಳು ಎಂದು ತಾತ ಹೇಳುತ್ತಿದ್ದರು. ಆ ಊರಿನಲ್ಲಿ ಅರ್ಧ ಜನರ ಮುತ್ತಜ್ಜಿಯರು ಚಿಲಿ ರಾಣಿಯರೇ, ಇರಲಿ. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಇದನ್ನು ರಾಜ್ಯದ ಅಧಿಕೃತ ಖಾದ್ಯ ಎಂದು ಘೋಷಿಸಿತು.

ಮಂಗಳವಾರಕ್ಕೆ ಬರೋಣ. ನಾವು ಹೋದಾಗ ತಾತ ಗರಾಜಿನ ದೊಡ್ಡ ಫ್ರೀಜರಿನಿಂದ ಮಾಂಸದ ಪೊಟ್ಟಣಗಳನ್ನು ಒಂದೊಂದಾಗಿ ತಂದು ಹಿತ್ತಲ ಹಿಮದಲ್ಲಿ ಹೂಳುತ್ತಿದ್ದರು. ಕರೆಂಟಿಲ್ಲದ ಫ್ರೀಜರಿಗಿಂತ ಅಂಗಳವೇ ತಣ್ಣಗಿತ್ತಲ್ಲ. ಮನೆಯಲ್ಲಿ ಅಜ್ಜಿ, ಮಕ್ಕಳು ಮಾಂಸ ಬಿಟ್ಟಿರಲಿಲ್ಲ. ಹೂಳುವುದು ಮಾತ್ರ ತಾತನ ಕೈಯಲ್ಲೇ ಆಗಬೇಕಾಗಿ ಬಂತು. ಒಂದು ಇಡೀ ಬ್ರಿಸ್ಕೆಟ್ ಅನ್ನು ಎರಡೂ ಕೈಯಲ್ಲಿ ಹಿಡಿದು, ತೂಕ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಇಟ್ಟು ಕಾಲಿನಿಂದ ಹಿಮ ತಳ್ಳಿದರು.

ಅವರ ಅಣ್ಣನ ಮನೆಯಲ್ಲಿ ಪೈಪು ಒಡೆದು ಹಜಾರವೆಲ್ಲ ನೀರಾಗಿತ್ತು. ಅಣ್ಣ, ಅತ್ತಿಗೆ ಇಲ್ಲಿಗೇ ಬಂದು ಗರಾಜಿನಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದರು. ಈ ಅಣ್ಣ ಚಿಲಿ ಸ್ಪರ್ಧೆಗಳಿಗೆ ಹೋಗುವ ಮನುಷ್ಯ. ಮರುಭೂಮಿಯ ಅಂಚಿನ ಟರ್ಲಿಂಗ್ವ ಎಂಬ ಹಾಳೂರಿನಲ್ಲಿ 1967ರಿಂದ ನಡೆಯುವ ಸ್ಪರ್ಧೆ ಬಹಳ ಹೆಸರಾದದ್ದು, ಅದಕ್ಕೂ ಹೋಗಿ ಬಂದವರು. ತಮ್ಮ ಸೊಪ್ಪು ತಿನ್ನುವವನಾದನಲ್ಲ ಎಂದು ಅವರಿಗೆ ನಾಚಿಕೆಯೂ ನಗುವೂ.

ಕೆಲವರು ಇದ್ದಿಲನ್ನು ಮನೆಯೊಳಗೇ ಹೊತ್ತಿಸಿ, ಅದರ ವಿಷಗಾಳಿಗೆ ಸಿಕ್ಕು ಆ ವಾರ ಹ್ಯೂಸ್ಟನ್ ಕಡೆ ಆಸ್ಪತ್ರೆ ಸೇರಿದ್ದ ಸುದ್ದಿ ಬಂದಿತ್ತು. ತಾತ ಒಲೆಯನ್ನು ಗರಾಜಿನ ಹತ್ತಿರಕ್ಕೂ ತರಲು ಬಿಡಲಿಲ್ಲ. ಕಟ್ಟಿಗೆ ಮೆಸ್ಕೀಟಿನದು. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಇದೆಯಲ್ಲ, ಅದರದೇ ಕುಲದ ಮರ. ಅದೇ ಮುಳ್ಳು, ಅದೇ ಗಟ್ಟಿ ಉರಿ, ಕಣ್ಣಿಗೆ ಅಡರುವ ಅದೇ ಹೊಗೆ. ಉರಿಯ ಒಂದು ಬದಿಗೆ ತಂತಿಜಾಲರಿ ಇಟ್ಟು ಅಣ್ಣನಿಗಾಗಿ ಫಹೀತಾದ ತೆಳು ಮಾಂಸ ಸುಡುವುದು, ಇನ್ನೊಂದು ಬದಿಗೆ ಬೀಡಿನ ಪಾತ್ರೆಯಲ್ಲಿ ತಮ್ಮ ಚಿಲಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎಂದಾಗಲೆಲ್ಲ ತಾತ ಅತ್ತ ತಿರುಗದೆ ತಮ್ಮ ಪಾತ್ರೆಯನ್ನು ಒಂದು ಸುತ್ತು ಜಾಸ್ತಿ ಕಲಕುತ್ತಿದ್ದರು.

ಮೆಣಸಿನಕಾಯಿ ಸಾಲದೆ ಬಂತು. ಅವರ ಚಿಲಿಗೆ ಆಂಚೊ ಬೇಕು. ಪೊಬ್ಲಾನೊ ಮೆಣಸಿನಕಾಯಿ ಹಣ್ಣಾಗಿ ಒಣಗಿದ್ದು, ಅಂಗೈ ಅಗಲ, ಕಪ್ಪುಗೆಂಪು, ಖಾರ ಕಡಿಮೆ, ಮೂಸಿದರೆ ಒಣದ್ರಾಕ್ಷಿಯ ವಾಸನೆ. ನಾಲ್ಕೇ ಇದ್ದವು. ರಸ್ತೆಯೆಲ್ಲ ಗಾಜಿನಂಥ ಮಂಜು, ಅಂಗಡಿ ಮುಚ್ಚಿವೆ. ನನ್ನ ಹೆಂಡತಿ ಮನೆಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ತಂದಳು. ತಾತ ಒಂದನ್ನು ಮುರಿದು ಬೀಜ ಉದುರಿಸಿ, ಸಿಪ್ಪೆಯ ಸುಕ್ಕನ್ನು ಬೆಳಕಿಗೆ ಹಿಡಿದು ನೋಡಿದರು, ನಾಲಿಗೆಗೆ ಮುಟ್ಟಿಸಿದರು. "ಇದೆಲ್ಲಿ ಬೆಳೆಯತ್ತೆ?" ಹಾವೇರಿ ಕಡೆ ಅಂದೆ. ಅಲ್ಲಿಗೆ ಹೇಗೆ ಹೋಯಿತು ಅಂದರು. ನಿಮ್ಮ ಮೆಕ್ಸಿಕೊ ಕಡೆಯ ಬೀಜವೇ, ಪೋರ್ಚುಗೀಸರು ಹಡಗಿನಲ್ಲಿ ತಂದು ಗೋವೆಯಲ್ಲಿ ಇಳಿಸಿದರು ಅಂದೆ. "ಹಾಗಾದ್ರೆ ನಮ್ಮದೇ, ವಾಪಸ್ ತಂದಿದ್ದೀರಿ" ಅಂತ ಹೇಳಿ ಹಂಚಿನ ಮೇಲೆ ಹಾಕಿದರು. ಬ್ಯಾಡಗಿಯಲ್ಲಿ ಬಣ್ಣ ಉಂಟು, ಆಂಚೊದ ಸಿಹಿ ಇಲ್ಲ. ಅದಕ್ಕೆ ಒಂದು ಹಿಡಿ ಒಣದ್ರಾಕ್ಷಿ ಸೇರಿಸಿ ಬಿಸಿನೀರಲ್ಲಿ ನೆನೆಸಿ, ಮಿಕ್ಸಿ ಇಲ್ಲದ ಕಾರಣ ಅಜ್ಜಿಯ ಕರಿಕಲ್ಲಿನ ಮೊಲ್ಕಹೇಟೆಯಲ್ಲಿ ಅರೆದರು. ಮೂರು ಕಾಲಿನ ಒರಳು ಅದು. ನನ್ನ ಹೆಂಡತಿ ಗುಂಡು ಕಸಿದುಕೊಂಡು ತಾನೇ ಅರೆದು ತೋರಿಸಿದಳು.

ಜಗಳ ಹುಟ್ಟಿದ್ದು ಈಗ. ನನ್ನ ಹೆಂಡತಿ ಪಕ್ಕದಲ್ಲಿ ಅಜ್ಜಿ ಬೇಯಿಸಿಟ್ಟಿದ್ದ ಪಿಂಟೊ ಕಾಳನ್ನು ನೋಡಿ, ಇದನ್ನೇ ಮಸಾಲೆಗೆ ಹಾಕಿದರೆ ಆಯಿತಲ್ಲ, ಮಾಂಸ ಇಲ್ಲದ ಮೇಲೆ ಕಾಳು ತಾನೇ ಅಂದಳು. ನ್ಯಾಯವಾದ ಮಾತು. ಲೋಕದಲ್ಲಿ ಸಸ್ಯಾಹಾರದ ಚಿಲಿ ಎಂದು ಯಾರು ಮಾಡಿದರೂ ಬೀನ್ಸ್ ಕಾಳನ್ನೇ ಹಾಕುವುದು. ತಾತ ಸೌಟು ಕೆಳಗಿಟ್ಟರು. ಅಣ್ಣ ಕೂಡ ಕುರ್ಚಿಯಿಂದ ಎದ್ದರು. ಟೆಕ್ಸಾಸ್‌ನ ಸಂಪ್ರದಾಯಸ್ಥರು ಚಿಲಿಗೆ ಬೀನ್ಸ್ ಹಾಕುವುದಿಲ್ಲ. ಸ್ಪರ್ಧೆಯ ನಿಯಮದಲ್ಲೇ ನಿಷಿದ್ಧ. ಕಾಳು ಪಕ್ಕದ ಬಟ್ಟಲಲ್ಲಿ ಎಷ್ಟು ಬೇಕಾದರೂ ಇರಲಿ, ಚಿಲಿಯೊಳಗೆ ಬಿದ್ದರೆ ಕುಲಗೆಟ್ಟ ಹಾಗೆ.

"ಅಮ್ಮಾ," ಅಂದರು ತಾತ ನನ್ನ ಹೆಂಡತಿಗೆ, ಬಹಳ ಮರ್ಯಾದೆಯಿಂದಲೇ. "ನಾನು ಮಾಂಸ ಬಿಟ್ಟಿದ್ದೀನಿ. ಮಾನ ಬಿಟ್ಟಿಲ್ಲ."

ಅಣ್ಣ ಮೊದಲ ಸಲ ತಮ್ಮನ ಪರವಾಗಿ ತಲೆಯಾಡಿಸಿದರು.

ಬೀನ್ಸೂ ಇಲ್ಲ, ಮಾಂಸವೂ ಇಲ್ಲ, ಹಾಗಾದರೆ ಪಾತ್ರೆಯಲ್ಲಿ ಏನಿತ್ತು? ಮೀಲ್ ಮೇಕರ್. ಇಂಡಿಯನ್ ಅಂಗಡಿಯಿಂದ ನಾವು ತಂದಿಟ್ಟಿದ್ದ ಪೊಟ್ಟಣವನ್ನು ಹಿಂದಿನ ತಿಂಗಳು ತಾತನಿಗೆ ಕೊಟ್ಟಿದ್ದೆ. ಸೋಯಾದ ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟನ್ನು ಯಂತ್ರದಲ್ಲಿ ಒತ್ತಿ ಉಬ್ಬಿಸಿದ ಉಂಡೆ. ಅದಕ್ಕೆ ತನ್ನದೆಂಬ ರುಚಿ ಇಲ್ಲ, ಇರುವುದು ಒಂದು ಹಸಿ ವಾಸನೆ. ಬಹಳ ಜನ ಅದನ್ನು ನೆನೆಸಿ, ಹಾಗೇ ಸಾರಿಗೆ ಎಸೆದು, ಸ್ಪಂಜು ತಿಂದ ಹಾಗಿದೆ ಅಂತ ಬೈಯುತ್ತಾರೆ. ತಾತ ಅದನ್ನು ಇಂಜಿನ್ ಬಿಚ್ಚಿದ ಹಾಗೆ ಬಿಚ್ಚಿ ನೋಡಿದ್ದರು. ಮೊದಲು ಕುದಿನೀರಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲುವುದು. ಆಮೇಲೆ ಒಣಅಣಬೆ ನೆನೆಸಿದ ಕಂದು ನೀರಿಗೆ ಸೋಯಾ ಸಾಸ್ ಸೇರಿಸಿ ಅದರಲ್ಲಿ ಇನ್ನೊಮ್ಮೆ ನೆನೆಸುವುದು. ಮತ್ತೆ ಹಿಂಡುವುದು, ಈ ಸಲ ಬಟ್ಟೆಯಲ್ಲಿ ಕಟ್ಟಿ, ಮಣಿಕಟ್ಟು ತಿರುಚಿ, ಒಂದು ತೊಟ್ಟೂ ಉಳಿಯದ ಹಾಗೆ. ಆಮೇಲೆ ಚಾಕುವಿನಲ್ಲಿ ಒಂದೇ ಅಳತೆ ಇಲ್ಲದಂತೆ ಕೊಚ್ಚುವುದು. ಸಣ್ಣಪುಟ್ಟ ಇದ್ದರೆ ಮಾತ್ರ ಹಲ್ಲಿಗೆ ಕೆಲಸ. ಕೊನೆಗೆ ಧಾರಾಳ ಎಣ್ಣೆಯಲ್ಲಿ, ಕಲಕದೆ, ಅಂಚು ಕಪ್ಪಗೆ ಗರಿಯಾಗುವ ತನಕ ಹುರಿಯುವುದು. ನೀರು ಇದ್ದರೆ ಅದು ಬೇಯುತ್ತದೆ, ಹುರಿಯುವುದಿಲ್ಲ. ಹುರಿಯದಿದ್ದರೆ ಮಾಂಸಕ್ಕೂ ರುಚಿ ಇಲ್ಲ ಎನ್ನುವುದು ಅವರ ವಾದ.

ಎಣ್ಣೆಯಲ್ಲೂ ಒಂದು ಲೆಕ್ಕ ಇಟ್ಟಿದ್ದರು. ದನದ ಕೊಬ್ಬಿನ ಚಿಲಿ ಆರುತ್ತ ಬಂದ ಹಾಗೆ ತುಟಿಗೆ ಮೆತ್ತಿಕೊಳ್ಳುತ್ತದಂತೆ. ಕಾರ್ನ್ ಎಣ್ಣೆ, ಸೂರ್ಯಕಾಂತಿ ಎಣ್ಣೆ ಆ ಕೆಲಸ ಮಾಡುವುದಿಲ್ಲ, ಜಾರಿ ಹೋಗುತ್ತವೆ. ಕೊಬ್ಬರಿ ಎಣ್ಣೆ ಮಾಡುತ್ತದೆ, ವಾಸನೆ ತೆಗೆದ ಶುದ್ಧಿ ಮಾಡಿದ್ದು. ಅವತ್ತು ಅದು ಬಾಟಲಿಯಲ್ಲಿ ಕಲ್ಲಾಗಿತ್ತು. ಮೊಮ್ಮಗ ಅದನ್ನು ಬೆಂಕಿಯ ಮುಂದೆ ಹಿಡಿದು ಕೂತಿದ್ದ. ಹೃದಯಕ್ಕೆ ಇದೇನು ಬಹಳ ಒಳ್ಳೆಯದಲ್ಲ ಎಂದು ಮಗಳು ಗೊಣಗಿದಳು. ಕರೆಂಟಿಲ್ಲದ ದಿನ ನಿನ್ನ ಮಾತು ನಡೆಯಲ್ಲ ಎಂದರು ತಾತ.

ಆ ಹುರಿಯುವಿಕೆ ನೋಡುತ್ತ ನನಗೆ ನಮ್ಮ ಅವ್ವ ನೆನಪಾದಳು. ಶ್ರಾವಣದಲ್ಲಿ ನಮ್ಮ ಮನೆಗೆ ಬಾಡು ಬರುವಂತಿರಲಿಲ್ಲ. ಆದರೆ ಅದೇ ಮಳೆಗಾಲದಲ್ಲಿ ಅಣಬೆ ಏಳುತ್ತಿತ್ತು. ಅವ್ವ ಅದಕ್ಕೆ ಚಕ್ಕೆ ಲವಂಗ, ಗಸಗಸೆ, ಸುಟ್ಟ ಈರುಳ್ಳಿ, ಕೊಬ್ಬರಿ, ಒಂದೂ ಬಿಡದೆ ಕುರಿಯ ಮಸಾಲೆಯನ್ನೇ ಅರೆದು ಹಾಕುತ್ತಿದ್ದಳು. ಅಣಬೆ ಸಿಗದ ದಿನ ಬದನೆಕಾಯಿಗೆ, ಮೊಳಕೆ ಹುರುಳಿಗೆ. ಅಪ್ಪ ಉಂಡು ಕೈ ಮೂಸಿಕೊಳ್ಳುತ್ತಿದ್ದ. ಬಾಡು ತಿಂದು ಬೆಳೆದವರು ಬಾಡಿಲ್ಲದ ಅಡುಗೆ ಮಾಡಿದರೆ ಅದರ ದಾರಿಯೇ ಬೇರೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಏನು ಕಡಿಮೆ ಬಿದ್ದಿದೆ ಎನ್ನುವುದು ಅವರ ನಾಲಿಗೆಗೆ ಗೊತ್ತು. ಹುಟ್ಟಾ ಸಸ್ಯಾಹಾರಿಗಳಿಗೆ ಆ ಕೊರತೆಯೇ ತಿಳಿಯದು, ಅವರು ಮಾಡುವ ಸೋಯಾ ಕರಿ ಅದಕ್ಕೇ ಸಪ್ಪೆ. ಇದನ್ನು ಕೇಳಿ ನನ್ನ ಸ್ನೇಹಿತರು ಕೆಲವರು ಸಿಟ್ಟಾಗಿದ್ದಾರೆ, ಆಗಲಿ.

ಮಸಾಲೆ ಬಿತ್ತು, ಜೀರಿಗೆ ಬಿತ್ತು. ಸ್ಯಾನ್ ಆಂಟೋನಿಯೊದವರ ಕೈ ಜೀರಿಗೆಯಲ್ಲಿ ಧಾರಾಳ. 1731ರಲ್ಲಿ ಕ್ಯಾನರಿ ದ್ವೀಪಗಳಿಂದ ಬಂದು ನೆಲೆಸಿದ ಕುಟುಂಬಗಳು ಆ ರುಚಿ ಹಚ್ಚಿದವು ಎಂದು ಊರಲ್ಲಿ ಹೇಳುತ್ತಾರೆ. ಇಡೀ ಜೀರಿಗೆ ಹುರಿದು ಕುಟ್ಟಿ ಹಾಕಿದಾಗ ಆ ಹಿತ್ತಲು ಒಂದು ನಿಮಿಷ ನಾಗಮಂಗಲವೇ ಆಯಿತು. ಕೊನೆಯಲ್ಲಿ ಗಟ್ಟಿಯಾಗಲೆಂದು ಸುಣ್ಣದ ನೀರಲ್ಲಿ ಬೇಯಿಸಿ ಬೀಸಿದ ಮೆಕ್ಕೆಜೋಳದ ಹಿಟ್ಟು ಒಂದು ಹಿಡಿ. ಕತ್ತಲಾಗುವ ಹೊತ್ತಿಗೆ ಪಾತ್ರೆಯ ಮೇಲೆ ಕೆಂಪು ಎಣ್ಣೆ ತೇಲಿತು.

ತಿನ್ನುವುದು ಯಾವುದರಲ್ಲಿ? ತಟ್ಟೆ ತೊಳೆಯಲು ನೀರಿಲ್ಲ. ಅಜ್ಜಿ ಒಳಗಿನಿಂದ ಫ್ರಿಟೋಸ್ ಪೊಟ್ಟಣಗಳನ್ನು ತಂದರು. ಪೊಟ್ಟಣವನ್ನು ಪಕ್ಕಕ್ಕೆ ಸೀಳಿ, ಮೆಕ್ಕೆಜೋಳದ ಚಿಪ್ಸಿನ ಮೇಲೇ ಬಿಸಿ ಚಿಲಿ ಸುರಿದು, ಹಸಿ ಈರುಳ್ಳಿ ಉದುರಿಸಿ, ಪೊಟ್ಟಣದಿಂದಲೇ ಚಮಚದಲ್ಲಿ ತಿನ್ನುವುದು. ಫ್ರಿಟೊ ಪೈ ಅನ್ನುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ, ಶಾಲೆಯ ಜಾತ್ರೆಯಲ್ಲಿ ಅಲ್ಲಿಯವರು ತಿಂದು ಬೆಳೆದ ತಿಂಡಿ. ಚಿಪ್ಸಿನಲ್ಲಿ ಇರುವುದು ಮೆಕ್ಕೆಜೋಳ, ಕಾರ್ನ್ ಎಣ್ಣೆ, ಉಪ್ಪು, ಮೂರೇ. ತಾತನ ಹೊಸ ವ್ರತಕ್ಕೆ ಯಾವ ಭಂಗವೂ ಇಲ್ಲ. ಆ ಚಿಪ್ಸು ಹುಟ್ಟಿದ್ದೂ ಅದೇ ಊರಿನಲ್ಲಿ. 1932ರಲ್ಲಿ ಚಾರ್ಲ್ಸ್ ಎಲ್ಮರ್ ಡೂಲಿನ್ ಎಂಬುವರು ಒಬ್ಬ ಮೆಕ್ಸಿಕನ್‌ನಿಂದ ಮಾಡುವ ವಿಧಾನ ಕೊಂಡು ಮನೆಯ ಅಡುಗೆಮನೆಯಲ್ಲಿ ಶುರುಮಾಡಿದ್ದು. ಆ ಡೂಲಿನ್ ಮಾಂಸ ತಿನ್ನುತ್ತಿರಲಿಲ್ಲ ಎಂದು ಅವರ ಮಗಳೇ ಹೇಳಿದ್ದಾರೆ. ತಾತ ಇದನ್ನು ಎಲ್ಲೋ ಕಂಡುಹಿಡಿದು ಇಟ್ಟುಕೊಂಡಿದ್ದರು. ಅಣ್ಣನ ಕೈಗೆ ಪೊಟ್ಟಣ ಕೊಡುವಾಗ ಸರಿಯಾಗಿ ಹೇಳಿದರು.

ಅಣ್ಣ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಇದು ದನ ಅಲ್ಲ."

"ಅಲ್ಲ ಅಂತ ನಾನೇ ಹೇಳಿದ್ದೀನಲ್ಲ."

"ಅಗಿಯೋಕೆ ಬರತ್ತೆ. ನುಂಗೋ ಮುಂಚೆ ಏನೋ ಬೇಗ ಮುಗಿದುಹೋಗತ್ತೆ." ಇನ್ನೊಂದು ಚಮಚ. "ಜೀರಿಗೆ ಜಾಸ್ತಿ."

"ಅಮ್ಮನೂ ಇಷ್ಟೇ ಹಾಕ್ತಿದ್ದಳು."

ಅದಕ್ಕೆ ಅಣ್ಣನ ಹತ್ತಿರ ಮಾತಿರಲಿಲ್ಲ. ಫಹೀತಾ ತಿಂದರು, ಅದರ ಜೊತೆಗೆ ಚಿಲಿಯ ಪೊಟ್ಟಣವನ್ನೂ ಖಾಲಿ ಮಾಡಿ ತಳದ ಪುಡಿಯನ್ನು ಬಾಯಿಗೆ ಸುರಿದುಕೊಂಡರು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ. ಸ್ಪರ್ಧೆಗೆ ತಗೊಂಡು ಹೋಗ್ತೀಯಾ ಅಂತ ತಾತ ಕೆಣಕಿದರು. ಮಾಂಸ ಇಲ್ಲದಿದ್ದರೆ ಒಳಗೇ ಬಿಡಲ್ಲ, ಬೀನ್ಸ್ ಹಾಕಿದರೆ ಒದ್ದು ಓಡಿಸ್ತಾರೆ, ನಿನ್ನದು ಬಾಗಿಲ ತನಕ ಹೋಗತ್ತೆ ಅಂದರು ಅಣ್ಣ.

ನನಗೆ ಹೇಗಿತ್ತು ಅಂತ ಕೇಳುತ್ತೀರಿ. ದನದ ಚಿಲಿ ತಿಂದವನಲ್ಲ, ಹೋಲಿಸಿ ಹೇಳಲಾರೆ. ಆದರೆ ತಾತನ ಕೈಯಡುಗೆ ನಾನು ಉಂಡದ್ದು ಅವತ್ತೇ ಮೊದಲು. ಮೊದಲು ಬಂದದ್ದು ಮೆಸ್ಕೀಟಿನ ಹೊಗೆ, ಆಮೇಲೆ ಒಣದ್ರಾಕ್ಷಿಯ ಸಣ್ಣ ಸಿಹಿ, ಖಾರ ಬಂದದ್ದು ಕೊನೆಗೆ. ಚಿಪ್ಸು ಅರ್ಧ ನೆನೆದು ಅರ್ಧ ಗರಿಯಾಗಿತ್ತು. ತಾತ ತಾವು ತಿನ್ನುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಪೊಟ್ಟಣ ಮುಂದಕ್ಕೆ ಚಾಚಿದೆ, ಅವರು ಇನ್ನೆರಡು ಸೌಟು ಹಾಕಿದರು.

ಮರುದಿನ ನೀರು ಕುದಿಸಿಯೇ ಕುಡಿಯಿರಿ ಎಂದು ಊರಿಗೆಲ್ಲ ಸೂಚನೆ ಬಂತು, ಗುರುವಾರ ಇನ್ನೊಂದು ಸಲ ಹಿಮ ಬಿತ್ತು, ಆಮೇಲೆ ಕರೆಂಟು ಬಂತು. ರಾಜ್ಯದಲ್ಲಿ ಆ ಚಳಿಗೆ ಸತ್ತವರು 246 ಜನ ಎಂದು ಸರ್ಕಾರದ ಲೆಕ್ಕ. ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಆಗಲಿಲ್ಲ.

ಹಿಮದಲ್ಲಿ ಹೂತ ಬ್ರಿಸ್ಕೆಟ್ ಅಣ್ಣನ ಮನೆಗೆ ಹೋಯಿತು. ತಾತನ ಚಿಲಿ ಈಗ ಪಳಗಿದೆ. ಬ್ಯಾಡಗಿಯನ್ನು ಬಿಟ್ಟಿಲ್ಲ, ನಾವು ಊರಿಗೆ ಹೋದಾಗಲೆಲ್ಲ ಒಂದು ಕೆಜಿ ತರಬೇಕು. ಅವರಿಗೆ ಇನ್ನೂ ಬಗ್ಗದಿರುವುದು ಚೀಸ್. ಟೋರ್ಟಿಯಾ ಸುತ್ತಿ ಮಾಡುವ ಎನ್ಚಿಲಾಡದ ಒಳಗಿನ ಹಳದಿ ಚೀಸ್, ಚಿಪ್ಸ್ ಅದ್ದುವ ಕೇಸೊ ಇಲ್ಲದೆ ಟೆಕ್ಸ್-ಮೆಕ್ಸ್ ಮುಗಿಯುವುದಿಲ್ಲ. ಗೋಡಂಬಿ ನೆನೆಸಿ, ಬೆಂದ ಆಲೂಗಡ್ಡೆ, ಕ್ಯಾರೆಟ್, ನ್ಯೂಟ್ರಿಷನಲ್ ಈಸ್ಟ್, ಉಪ್ಪಿನಕಾಯಿ ಹಾಲಪೆನ್ಯೊದ ಹುಳಿನೀರು ಹಾಕಿ ಅರೆಯುತ್ತಾರೆ. ಬಣ್ಣ ಬರುತ್ತದೆ, ಹುಳಿ ಬರುತ್ತದೆ, ಎಳೆ ಬರುವುದಿಲ್ಲ. ಮರಗೆಣಸಿನ ಪಿಷ್ಟ ಸೇರಿಸಿದರೆ ಎಳೆ ಬರುತ್ತದೆ, ಆರಿದ ಮೇಲೆ ಗೋಂದು. ಮೊನ್ನೆ ಫೋನ್ ಮಾಡಿದ್ದೆ. ಎಲ್ಲಿಗೆ ಬಂತು ತಾತ ಅಂದೆ. ಎನ್ಚಿಲಾಡದ ಒಳಗೆ ಇಟ್ಟರೆ ಮೇಲಿನ ಗ್ರೇವಿ ಮುಚ್ಚಿಹಾಕತ್ತೆ, ಬಟ್ಟಲಲ್ಲಿ ಇಟ್ಟು ಅಣ್ಣನ ಮುಂದೆ ತಳ್ಳುವಷ್ಟು ಧೈರ್ಯ ಇನ್ನೂ ಬಂದಿಲ್ಲ ಅಂದರು.